ಅಕ್ಕನ ಮೂಳೆ, ಪಾಲಿಶಮ್ಮನ ನಿದ್ದೆ

ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಪಾಲಿಶಮ್ಮ ಎಂದೇ ಕರೆಯುತ್ತಿದ್ದರು. ಹೊಸಬರು ಆ ಹೆಸರು ಕೇಳಿ, ಈಕೆ ಬೂಟು ಹೊಳೆಯಿಸುವವಳೋ ನೆಲ ಒರೆಸುವವಳೋ ಇರಬೇಕು ಅಂದುಕೊಳ್ಳುವುದಿತ್ತು. ಅವಳು ಉಜ್ಜುತ್ತಿದ್ದದ್ದು ಮೂಳೆ. ಆಸ್ಪತ್ರೆಯ ಹಿಂದಿನ ಸಂಶೋಧನಾ ಕಟ್ಟಡದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಗರಗರ ತಿರುಗುವ ತಟ್ಟೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಮನುಷ್ಯರ ಮೂಳೆಯ ಬಿಲ್ಲೆಗಳನ್ನು ಕನ್ನಡಿಯಂತಾಗುವ ತನಕ ಉಜ್ಜುವುದು ಅವಳ ನೌಕರಿ. ಸೊಂಟ ಮುರಿದವರಿಗೆ ಆಪರೇಷನ್ ಮಾಡಿ ಲೋಹದ ಕೀಲು ಕೂರಿಸುವಾಗ ತೊಡೆಮೂಳೆಯ ತುದಿಯ ಗುಂಡನ್ನು ಹೊರಗೆ ತೆಗೆಯುತ್ತಾರಲ್ಲ, ರೋಗಿ ಒಪ್ಪಿದರೆ ಅದು ಐಸ್ ಡಬ್ಬಿಯಲ್ಲಿ ಕೂತು ಮೆಟ್ಟಿಲಿಳಿದು ಇವಳ ಮೇಜಿಗೆ ಬರುತ್ತಿತ್ತು. “ಯಾರದೋ ಸೊಂಟ ಮುರಿದ್ರೆ ನನ್ನ ಹೊಟ್ಟೆ ತುಂಬುತ್ತೆ ನೋಡಿ” ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಈಚೆಗೆ ಆ ನಗು ಕಡಿಮೆಯಾಗಿತ್ತು.

ಕೆಲಸವೇನೂ ಕಷ್ಟದ್ದಲ್ಲ, ಬೇಸರದ್ದು. ಮೊದಲು ಒರಟು ಸ್ಯಾಂಡ್ ಪೇಪರ್, ಆಮೇಲೆ ನಯವಾದದ್ದು, ಅದಕ್ಕಿಂತ ನಯವಾದದ್ದು, ಕೊನೆಗೆ ಮಖಮಲ್ಲಿನಂಥ ಬಟ್ಟೆ. ಬೆರಳ ತುದಿಯ ಚರ್ಮವೂ ಮೂಳೆಯ ಜೊತೆಗೇ ಸವೆದು ಅವಳ ಗೆರೆಗಳೆಲ್ಲ ಮಾಸಿಹೋಗಿದ್ದವು. ಎಷ್ಟು ಉಜ್ಜಿದರೂ ಇನ್ನಷ್ಟು ಉಜ್ಜು ಎನ್ನುವುದೇ ಇದರ ಸ್ವಭಾವ. ಏಕೆಂದರೆ ಪಕ್ಕದ ಕೋಣೆಯ ಯಂತ್ರದಲ್ಲಿ ವಜ್ರದ ಮೊನೆಯೊಂದಿದೆ. ಅದು ಬಿಲ್ಲೆಯ ಮೇಲೆ ಕೂದಲೆಳೆಯ ನೂರನೇ ಒಂದು ಪಾಲಿನಷ್ಟೂ ಆಳಕ್ಕಿಳಿಯದೆ, ಮೆತ್ತಗೆ ಒತ್ತಿ, ಮೂಳೆ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಅಷ್ಟು ಸಣ್ಣ ಒತ್ತಿಗೆ ಮೇಲ್ಮೈಯ ಸಣ್ಣ ಗೀರೂ ದೊಡ್ಡ ಹಳ್ಳ. ಆ ಯಂತ್ರ ನಡೆಸುವವನನ್ನು ಸೂಜಿಯಪ್ಪ ಎನ್ನುತ್ತಿದ್ದರು. ಮಾತುಗಾರ, ಆದರೆ ಯಂತ್ರದ ಮುಂದೆ ಕೂತಾಗ ಕೆಮ್ಮನ್ನೂ ತಡೆದುಕೊಳ್ಳುವವನು.

ಅಲ್ಲಿ ಒಂದೇ ಒಂದು ಕಟ್ಟುನಿಟ್ಟು: ಮೂಳೆ ಒಣಗಬಾರದು. ಮೈಯೊಳಗಿದ್ದಾಗ ಮೂಳೆಯಲ್ಲಿ ನೀರಿರುತ್ತದೆ. ನೀರು ಆರಿದ ಮೂಳೆ ಬಿರುಸಾಗುತ್ತದೆ, ಮೊನೆ ಒತ್ತಿದರೆ ಜಗ್ಗುವುದಿಲ್ಲ, ಯಂತ್ರ ಅದನ್ನು ಗಟ್ಟಿ ಮೂಳೆ ಎಂದು ನಂಬಿಬಿಡುತ್ತದೆ. ಒಣಗುವಾಗ ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಏಳುತ್ತವೆ. ಆಮೇಲೆ ಇದು ಮೊದಲೇ ಇದ್ದ ಬಿರುಕೋ, ನಾವು ಮಾಡಿದ ಬಿರುಕೋ ಎಂದು ಯಾರೂ ಹೇಳುವಂತಿಲ್ಲ. ಆದ್ದರಿಂದ ಬಿಲ್ಲೆಯ ಮೇಲೆ ಸದಾ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಇರಬೇಕು. ಎತ್ತಿ ನೋಡಿದರೂ ಒಂದು ಗಳಿಗೆ, ಮತ್ತೆ ಮುಚ್ಚಬೇಕು.

ಅಲ್ಲಿ ಹುಡುಕುತ್ತಿದ್ದದ್ದು ಏನನ್ನು ಎಂಬುದನ್ನು ಮೇಡಂ ಒಮ್ಮೆ ಚಹಾದ ಹೊತ್ತಿನಲ್ಲಿ ಹೇಳಿದ್ದರು. ಮೇಡಂ ಎಂದರೆ ಆ ಪ್ರಯೋಗಾಲಯದ ಮುಖ್ಯಸ್ಥೆ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವ ಹೆಂಗಸು. “ಮೂಳೇನೂ ರಸ್ತೆ ಇದ್ದ ಹಾಗೇನೇ. ಒಂದು ಗುಂಪು ಅಗೀತಾ ಇರುತ್ತೆ, ಇನ್ನೊಂದು ಗುಂಪು ಹಿಂದೆಯೇ ತುಂಬ್ತಾ ಬರುತ್ತೆ. ವಯಸ್ಸಾದ ಮೇಲೆ ಅಗೆಯೋರು ಜಾಸ್ತಿ, ತುಂಬೋರು ಕಡಿಮೆ. ಮೂಳೆ ಟೊಳ್ಳಾಗೋದು ಹಾಗೆ. ಅದಕ್ಕೆ ಅಂತ ಕೊಡೋ ಮಾತ್ರೆ ಒಂದಿದೆ, ಅದು ಅಗೆಯೋರನ್ನ ಸುಮ್ಮನೆ ಕೂರಿಸುತ್ತೆ.”

“ಒಳ್ಳೇದೇ ಆಯ್ತಲ್ಲ ಮೇಡಂ.”

“ಒಳ್ಳೇದೇ. ಮಾತ್ರೆ ತಗೊಂಡೋರಲ್ಲಿ ಸೊಂಟ ಮುರಿಯೋದು ಕಡಿಮೆ ಅಂತ ಡಾಕ್ಟರುಗಳು ಲೆಕ್ಕ ಹಾಕಿ ನೋಡಿದಾರೆ. ಆದರೆ ಹಳೇ ಬಿರುಕನ್ನ ಅಗೆದು ಹೊಸದಾಗಿ ಹಾಕೋ ಕೆಲಸಾನೂ ನಿಧಾನ ಆಗುತ್ತಲ್ಲ. ಹತ್ತಾರು ವರ್ಷ ಆದ ಮೇಲೆ ಒಳಗೆ, ಆ ನಾರಿನ ಎಳೆ, ಅದರ ನಡುವಿನ ಸುಣ್ಣದ ಚಕ್ಕೆ, ಅಷ್ಟು ಸಣ್ಣದರಲ್ಲಿ ಏನಾಗಿರುತ್ತೆ? ಒಂದಿಷ್ಟು ಜಾರಿ ಜಗ್ಗಿ ಪೆಟ್ಟು ತಡ್ಕೊಳ್ಳುತ್ತಾ, ಇಲ್ಲಾ ಗಾಜಿನ ಹಾಗೆ ಸೆಟೆದು ನಿಂತಿರುತ್ತಾ? ಅದನ್ನ ನೋಡೋಣ ಅಂತ.” ಎಂದವರು ಕನ್ನಡಕ ಹುಡುಕಲು ಎದ್ದು ಹೋದರು.

ಪಾಲಿಶಮ್ಮನಿಗೆ ಇದರಲ್ಲಿ ವಿಶೇಷ ಆಸಕ್ತಿ ಇತ್ತು, ಏಕೆಂದರೆ ಆ ಮಾತ್ರೆಯ ಒಬ್ಬ ಗಿರಾಕಿ ಅವಳ ಮನೆಯಲ್ಲೇ ಇದ್ದಳು. ಅವಳ ಅಕ್ಕ. ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿ ನಿವೃತ್ತಳಾದವಳು, ಗಂಡ ತೀರಿದ ಮೇಲೆ ತಂಗಿಯ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ನೆಲೆಸಿದವಳು. ತಂಗಿ ಮದುವೆಯಾಗಿರಲಿಲ್ಲ. “ಗಂಡ ಇದ್ದಿದ್ರೆ ಅವನ ಮಾತು ಕೇಳ್ಬೇಕಿತ್ತು, ಈಗ ನಿನ್ನ ಮಾತು ಕೇಳ್ತಾ ಇದೀನಿ, ಏನು ವ್ಯತ್ಯಾಸ?” ಎಂದು ಅವಳು ಅಕ್ಕನನ್ನು ಚುಡಾಯಿಸುವುದಿತ್ತು. ಅಕ್ಕನ ಮಾತೆಂದರೆ ಮಾತಲ್ಲ, ಅಪ್ಪಣೆ. ಮನೆಯಲ್ಲಿ ಟವೆಲ್ ಕೂಡ ಸಾಲಾಗಿ ನಿಲ್ಲಬೇಕು.

ವಾರಕ್ಕೊಂದು ಮಾತ್ರೆ. ಖಾಲಿ ಹೊಟ್ಟೆ, ಬರೀ ನೀರು, ಬೇರೇನೂ ಕೂಡದು. ಅಕ್ಕ ವರ್ಷಾನುಗಟ್ಟಲೆ ಒಂದು ವಾರವೂ ತಪ್ಪಿಸಿರಲಿಲ್ಲ. ಒಮ್ಮೆ ತಂಗಿ ಮರೆತು ಚಹಾ ಹಿಡಿದುಕೊಂಡು ಬಂದದ್ದಕ್ಕೆ ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದಳು. ಅಂಥವಳು ಬಟ್ಟೆ ಒಣಹಾಕುವಾಗ ಬಾಲ್ಕನಿಯ ಒದ್ದೆ ನೆಲದಲ್ಲಿ ಜಾರಿ ಕೂತಳು, ಅಷ್ಟೇ. ದೊಡ್ಡ ಬೀಳಲ್ಲ. ಎಡಸೊಂಟ ಮುರಿಯಿತು.

ಮುರಿದದ್ದಕ್ಕಿಂತ ಅವಮಾನ ಹೆಚ್ಚಾಗಿತ್ತು ಅವಳಿಗೆ. “ತಿನ್ನದೇ ಇರೋರಿಗೂ ಮುರಿಯುತ್ತೆ, ತಿಂದ ನನಗೂ ಮುರೀತು. ಮತ್ಯಾಕೆ ತಿಂದೆ ನಾನು?” ಎಂದು ಸ್ಟ್ರೆಚರ್ ಮೇಲೆ ಮಲಗಿಯೇ ಡಾಕ್ಟರನ್ನು ದಬಾಯಿಸಿದಳು. ಬಲಸೊಂಟವೂ ಸವೆದಿದೆ, ಔಷಧ ಬಿಡಬಾರದು ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರು. ಅಕ್ಕ ಕೇಳಲಿಲ್ಲ, ಅವತ್ತಿನಿಂದಲೇ ಮಾತ್ರೆ ನಿಲ್ಲಿಸಿದಳು. ಹೊರಗೆ ತೆಗೆಯುವ ಮೂಳೆ ತಂಗಿಯ ಪ್ರಯೋಗಾಲಯಕ್ಕೇ ಹೋಗಲಿ ಎಂದು ಒಪ್ಪಿಗೆ ಕೊಟ್ಟಳು, ಜೊತೆಗೆ ತಂಗಿಗೆ ಷರತ್ತನ್ನೂ ಹಾಕಿದಳು. “ನಿನ್ನ ಯಂತ್ರ ನೋಡಿ ಹೇಳ್ಲಿ, ಈ ಮಾತ್ರೆ ನನ್ನ ಮೂಳೆಗೆ ಉಪಕಾರ ಮಾಡಿದ್ಯಾ ಇಲ್ವಾ ಅಂತ. ಮಾಡಿದ್ರೆ ತಿಂತೀನಿ. ಇಲ್ಲಾಂದ್ರೆ ಮುಟ್ಟಲ್ಲ. ಇನ್ನೊಂದು ಮುರಿದ್ರೆ ಮುರೀಲಿ.”

ಆ ‘ಮುರೀಲಿ’ ತಂಗಿಯ ಎದೆಯಲ್ಲಿ ಕೂತುಬಿಟ್ಟಿತು. ಏಕೆಂದರೆ ಒಂದು ಮುರಿದದ್ದರಲ್ಲೇ ಅವಳ ಜೀವ ಹೈರಾಣಾಗಿತ್ತು. ಮನೆಗೆ ಬಂದ ಮೇಲೆ ಅಕ್ಕನನ್ನು ಎಬ್ಬಿಸುವುದು, ಕೂರಿಸುವುದು, ರಾತ್ರಿ ಅವಳು ಹಾಸಿಗೆಯಲ್ಲಿ ಮಿಸುಕಿದರೆ ಸಾಕು ಎದ್ದು ಓಡುವುದು, ಬೆಳಿಗ್ಗೆ ಸ್ನಾನ ಮಾಡಿಸಿ, ಉಣ್ಣಲು ಕೊಟ್ಟು, ಬಸ್ಸಿಗೆ ನಿಲ್ಲುವುದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ತೂಕಡಿಸುವುದನ್ನು ಅವಳು ಕಲಿತುಕೊಂಡಿದ್ದಳು. ದಣಿವು ಅಂದರೆ ಮಲಗಿದರೆ ಹೋಗುವಂಥದ್ದಲ್ಲ, ಮೈಯಲ್ಲಿ ಮನೆ ಮಾಡಿಕೊಂಡದ್ದು. ಅಕ್ಕನ ಮೇಲೆ ಅವಳಿಗೆ ಪ್ರೀತಿಯಿತ್ತು, ಸಿಟ್ಟೂ ಇತ್ತು. ಎರಡನ್ನೂ ಬೇರೆ ಮಾಡಿ ನೋಡುವಷ್ಟು ಪುರುಸೊತ್ತು ಇರಲಿಲ್ಲ.

ಡಬ್ಬಿಗಳ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೆ ಅಕ್ಕನ ಆಪರೇಷನ್ನಿನ ದಿನ ಬಂದದ್ದು ಒಂದೇ ಡಬ್ಬಿ. ಮೇಡಂಗೂ ಸೂಜಿಯಪ್ಪನಿಗೂ ವಿಷಯ ಗೊತ್ತಿತ್ತು. “ಇದನ್ನ ಬೇರೆ ಯಾರಾದ್ರೂ ಉಜ್ಜಲಿ, ನಿಮಗೆ ಹಿಂಸೆ ಆಗುತ್ತೆ” ಎಂದರು ಮೇಡಂ. ಇವಳು ಒಪ್ಪಲಿಲ್ಲ. ಅಕ್ಕನ ತಲೆ ಬಾಚುವವಳು ತಾನು, ಕಾಲು ಒತ್ತುವವಳು ತಾನು, ಅಕ್ಕನ ಮೂಳೆಯನ್ನು ಇನ್ಯಾರೋ ಯಾಕೆ ಮುಟ್ಟಬೇಕು ಎಂಬ ಹಟ. ಗುಂಡಿನ ಹೆಚ್ಚಿನ ಭಾಗ ಬೇರೆ ಪರೀಕ್ಷೆಗಳಿಗೆ ಹಂಚಿಹೋಯಿತು. ಸೂಜಿಗೆಂದು ಉಳಿದದ್ದು ಒಂದೇ ಬಿಲ್ಲೆ, ಅದರ ಸರದಿ ಬಂದದ್ದು ಅಕ್ಕ ಮನೆ ಸೇರಿ ಎಷ್ಟೋ ದಿನ ಕಳೆದ ಮೇಲೆ.

ಅವತ್ತು ಮಧ್ಯಾಹ್ನ ಬಿಲ್ಲೆ ಹೆಚ್ಚುಕಡಿಮೆ ಸಿದ್ಧವಾಗಿತ್ತು. ಕೊನೆಯ ಸಲ ಗೀರು ಉಳಿದಿದೆಯೇ ಎಂದು ನೋಡಲು ಒದ್ದೆ ಬಟ್ಟೆ ಎತ್ತಿದಳು. ದೀಪದ ಕೆಳಗೆ ಅಕ್ಕನ ಮೂಳೆ ಹೊಳೆಯಿತು. ಎಷ್ಟು ಸಣ್ಣ ಚೂರು, ಇದರ ಮೇಲೆ ನಿಂತು ಅಕ್ಕ ಇಷ್ಟು ವರ್ಷ ಊರಿನ ಮಕ್ಕಳನ್ನೆಲ್ಲ ಓಡಿಸಿದಳೇ ಎಂದುಕೊಂಡಳು. ಕಣ್ಣು ಉರಿಯುತ್ತಿತ್ತು. ಒಂದು ಕ್ಷಣ ಮುಚ್ಚಿ ತೆಗೆಯೋಣವೆಂದು ಗೋಡೆಗೆ ತಲೆ ಕೊಟ್ಟಳು.

ಎಚ್ಚರವಾದದ್ದು ಸೂಜಿಯಪ್ಪನ ಚಪ್ಪಲಿ ಸದ್ದಿಗೆ. ಬಟ್ಟೆ ಅವಳ ಮಡಿಲಲ್ಲಿತ್ತು. ಬಿಲ್ಲೆ ಸೀಮೆಸುಣ್ಣದ ಹಾಗೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಬಟ್ಟೆಯಿಂದ ಉಪ್ಪುನೀರು ಹಿಂಡಿದಳು, ಸವರಿದಳು. ಮೇಲೆ ಹೊಳಪು ಮರಳಿತು. ಒಳಗೆ ನೀರಿಳಿಯಲು ಹೊತ್ತು ಬೇಕು, ಇಳಿದರೂ ಒಮ್ಮೆ ಒಣಗಿದ್ದು ಒಣಗಿದ್ದೇ, ಎಸೆಯಬೇಕು ಎಂಬುದು ಅವಳಿಗೆ ಅಂಗೈಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. “ಆಯ್ತಾ ಪಾಲಿಶಮ್ಮ? ಯಂತ್ರ ಖಾಲಿ ಇದೆ, ಕೊಡಿ ಕೊಡಿ” ಎಂದು ಅವನು ಬಾಗಿಲಲ್ಲಿ ನಿಂತು ಕೈ ಚಾಚಿದ. ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಅಕ್ಕನ ಬಿಲ್ಲೆ ಕಸದ ಬುಟ್ಟಿಗೆ, ಅಕ್ಕನ ಮಾತ್ರೆಯೂ ಕಸದ ಬುಟ್ಟಿಗೆ. ಕೊಟ್ಟುಬಿಟ್ಟಳು.

ಮರುದಿನ ಸೂಜಿಯಪ್ಪ ಮೆಟ್ಟಿಲಿಂದಲೇ ಕೂಗಿಕೊಂಡು ಬಂದ. “ನಿಮ್ಮಕ್ಕನ ಮೂಳೆ ಮೂಳೆಯಲ್ಲ ಪಾಲಿಶಮ್ಮ, ಕಬ್ಬಿಣ! ಹೇಳಬಾರದು, ಆದ್ರೂ ಹೇಳ್ತಿದೀನಿ. ಇಷ್ಟು ಗಟ್ಟಿ ನಾನು ನೋಡೇ ಇಲ್ಲ.” ಹಿಂದೆಯೇ ಬಂದ ಮೇಡಂ ಹುಬ್ಬು ಗಂಟಿಕ್ಕಿಕೊಂಡು, “ಜಾಸ್ತೀನೇ ಗಟ್ಟಿ. ನೋಡೋಣ” ಎಂದಷ್ಟೇ ಹೇಳಿ ಹೋದರು.

ಸಂಜೆ ಅವಳು ಮನೆಗೆ ಹೋಗಿ ಅಕ್ಕನ ಮುಂದೆ ಕುರ್ಚಿ ಎಳೆದು ಕೂತಳು. ದಾರಿಯುದ್ದಕ್ಕೂ ನೂರು ಸಲ ಹೇಳಿಕೊಂಡ ಮಾತು. “ನಿನ್ನ ಮೂಳೆ ತುಂಬಾ ಗಟ್ಟಿಯಿದೆಯಂತೆ ಅಕ್ಕ. ಕಬ್ಬಿಣ ಅಂದ್ರು.”

“ಮಾತ್ರೆಯಿಂದಾನಾ?”

“ಮಾತ್ರೆಯಿಂದಾನೇ ಇರ್ಬೇಕು.”

ಅಕ್ಕನ ಮುಖ ಅರಳಿತು. ಆಪರೇಷನ್ ಆದಾಗಿನಿಂದ ಹಾಗೆ ಅರಳಿದ್ದನ್ನು ತಂಗಿ ಕಂಡಿರಲಿಲ್ಲ. “ನೋಡ್ದ್ಯಾ? ಬೀಳೋ ತನಕ ಒಂದು ವಾರಾನೂ ತಪ್ಪಿಸಿರಲಿಲ್ಲ ನಾನು!” ಮಾರನೆಯ ಬೆಳಿಗ್ಗೆಯೇ ಮಾತ್ರೆ ಹೊಟ್ಟೆ ಸೇರಿತು. ಕೆಳಮನೆಯವರಿಗೆ, ವ್ಯಾಯಾಮ ಹೇಳಿಕೊಡಲು ಬರುವವಳಿಗೆ, ಹಾಲು ತರುವವನಿಗೆ, ಎಲ್ಲರಿಗೂ ಕಬ್ಬಿಣದ ಸುದ್ದಿ ಮುಟ್ಟಿತು. ತಂಗಿ ಒಳಗೊಳಗೇ ಕುಗ್ಗಿದಳು, ಆದರೂ ಗುರಿ ಮುಟ್ಟಿತಲ್ಲ ಎಂದು ಸಮಾಧಾನ ಹೇಳಿಕೊಂಡಳು.

ಆ ಸಮಾಧಾನ ನಾಲ್ಕು ದಿನ ಬಾಳಲಿಲ್ಲ. ಒಂದು ಸಂಜೆ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ, ನಾಲ್ಕು ಕಾಲಿನ ವಾಕರ್ ಮಡಚಿಕೊಂಡು ಬಾಗಿಲ ಹಿಂದೆ ನಿಂತಿದೆ. ಅಕ್ಕ ಅಡುಗೆಮನೆಯಲ್ಲಿ ತುದಿಗಾಲ ಮೇಲೆ ನಿಂತು, ಒಂದು ಕೈಯಲ್ಲಿ ಕಪಾಟಿನ ಅಂಚು ಹಿಡಿದು, ಇನ್ನೊಂದರಲ್ಲಿ ಮೇಲಿನ ಹಲಗೆಯ ಸಕ್ಕರೆ ಡಬ್ಬಿಯನ್ನು ಎಳೆಯುತ್ತಿದ್ದಾಳೆ.

“ಅಕ್ಕಾ! ವಾಕರ್ ಎಲ್ಲಿ?”

“ಕಬ್ಬಿಣಕ್ಕೆ ಯಾಕೇ ಊರುಗೋಲು?” ಎಂದು ಅಕ್ಕ ತಿರುಗಿ ನಗಲು ಹೋದಳು, ಆಯ ತಪ್ಪಿತು. ತಂಗಿ ಓಡಿಹೋಗಿ ಸೊಂಟಕ್ಕೆ ಕೈಹಾಕಿ ತಬ್ಬಿಕೊಂಡಳು. ಡಬ್ಬಿ ಬಿದ್ದು ನೆಲದ ತುಂಬ ಸಕ್ಕರೆಯಾಯಿತು. ಸಕ್ಕರೆಯ ಮೇಲೆ ಕಿರಕಿರ ಎನ್ನುತ್ತ ಅಕ್ಕನನ್ನು ಕುರ್ಚಿಗೆ ಮುಟ್ಟಿಸಿದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ.

“ಕಬ್ಬಿಣ ಅಲ್ಲ ಅಕ್ಕ! ನಿನ್ನ ಮೂಳೆ ಕಬ್ಬಿಣ ಅಲ್ಲ! ಒಣಗಿಹೋಗಿತ್ತು. ನಾನು ಮಧ್ಯಾಹ್ನ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋದೆ, ಒಣಗಿಬಿಡ್ತು. ಒಣಗಿದ್ದು ಗಟ್ಟಿ ಅಂತ ತೋರಿಸುತ್ತೆ. ಗಟ್ಟಿ ಇತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗೋದೂ ಇಲ್ಲ.”

ಅಕ್ಕ ಸೀರೆಗೆ ಅಂಟಿದ ಸಕ್ಕರೆಯನ್ನು ಕೊಡವಿಕೊಂಡಳು. ಆಮೇಲೆ, “ನನಗೆ ಹೇಳೋವಾಗ ಇದು ನಿನಗೆ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು.”

“ನನ್ನ ಮೈಯಿಂದ ಕಿತ್ತು ಕೊಟ್ಟಿದ್ದು ಕಣೇ ಅದು. ಅದನ್ನೂ ಹಾಳು ಮಾಡಿ, ಮೇಲೆ ನನ್ನನ್ನ ಮಗು ಥರ ಪುಸಲಾಯಿಸಿದೆ. ಮಾತ್ರೆನೂ ಬೇಡ, ನಿನ್ನ ಯಂತ್ರಾನೂ ಬೇಡ. ವಾಕರ್ ತಂದಿಡು, ಸಾಕು.”

ತಂಗಿ ವಾಕರ್ ತಂದಿಟ್ಟಳು. ಪೊರಕೆ ತಂದು ಸಕ್ಕರೆ ಗುಡಿಸಿದಳು. ಗುಡಿಸುವಾಗ ಅಳು ಬಂತು, ಆದರೆ ಅಳುವುದಕ್ಕೂ ತ್ರಾಣ ಬೇಕು. ಬೇಗ ನಿಂತುಹೋಯಿತು.

ಮರುದಿನ ಬೆಳಿಗ್ಗೆ ಅವಳು ಚೀಲವನ್ನೂ ಇಳಿಸದೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆವಾಗಲೇ ಹೇಳಬೇಕಿತ್ತು” ಎಂದರು. ದನಿ ಎತ್ತಲಿಲ್ಲ, ಆದರೆ ಮೆತ್ತಗೂ ಇರಲಿಲ್ಲ. “ಈ ಅಂಕಿ ಒಳಗೆ ಸೇರಿದ್ರೆ ಎಷ್ಟು ಜನ ಹೆಂಗಸರ ವಿಷಯದಲ್ಲಿ ನಾವು ತಪ್ಪು ಹೇಳ್ತಿದ್ವಿ ಗೊತ್ತಾ? ತೆಗೀತೀನಿ. ಬಿಲ್ಲೆನೂ ಎಸೀಬೇಕು.”

“ಎಸೀರಿ ಮೇಡಂ. ಅಕ್ಕ ಒಂದೇ ಕೇಳಿದ್ಲು, ಮಾತ್ರೆ ಅವಳಿಗೆ ಉಪಕಾರ ಮಾಡಿತ್ತಾ ಅಂತ. ಒಣಗದೇ ಇದ್ದಿದ್ರೆ ಹೇಳ್ಬಹುದಿತ್ತಲ್ಲ.”

ಮೇಡಂ ತಲೆಯಾಡಿಸಿದರು. “ಆವಾಗಲೂ ಆಗ್ತಿರ್ಲಿಲ್ಲ. ನೂರಾರು ಮೂಳೆ ನೋಡಿದ್ರೆ ಔಷಧದ ಬಗ್ಗೆ ಏನೋ ಒಂದಿಷ್ಟು ಹೇಳ್ಬಹುದು. ಒಬ್ಬರ ಮೂಳೆ ನೋಡಿ ಅವರಿಗೇನಾಯ್ತು ಅಂತ ಹೇಗೆ ಹೇಳಲಿ? ಮಾತ್ರೆ ತಿನ್ನದೇ ಇದ್ದಿದ್ರೆ ನಿಮ್ಮಕ್ಕನ ಮೂಳೆ ಹೇಗಿರ್ತಿತ್ತು ಅಂತ ಯಾವ ಯಂತ್ರಕ್ಕೂ ಗೊತ್ತಿಲ್ಲ. ಮುಂಚೆನೇ ಮುರೀತಿತ್ತೋ ಏನೋ.”

ಯಾಕೆ ನಿದ್ದೆ ಬಂತು ಎಂದು ಮೇಡಂ ಕೇಳಲಿಲ್ಲ. ಕೇಳಿದ್ದರೆ ಪಾಲಿಶಮ್ಮ ಅಲ್ಲೇ ಕುಸಿಯುತ್ತಿದ್ದಳೇನೋ. ಕೆಳಗಿಳಿದು ಬಂದು ಬೇರೆ ಯಾರದೋ ಬಿಲ್ಲೆಯನ್ನು ಉಜ್ಜತೊಡಗಿದಳು. ಸೂಜಿಯಪ್ಪ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದ.

ಮನೆಯಲ್ಲಿ ಅಕ್ಕ ಮುಖ ಕೊಟ್ಟು ಮಾತಾಡಲಿಲ್ಲ. ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು: “ನೀರು ಬಿಸಿ ಸಾಲದು.” “ದಿಂಬು ಇನ್ನೂ ಸ್ವಲ್ಪ ಮೇಲೆ.” ತಂಗಿ ಗೋಡೆಯ ಪರವಾಗಿ ಎಲ್ಲ ಮಾಡಿದಳು. ರಾತ್ರಿಗಳು ಹಿಂದಿನಂತೆಯೇ ಇದ್ದವು, ಅಕ್ಕ ಮಿಸುಕಿದಾಗೆಲ್ಲ ಇವಳು ಎದ್ದಳು. ಒಂದೇ ವ್ಯತ್ಯಾಸವೆಂದರೆ ಅಕ್ಕ ಈಗ ಮಿಸುಕುವ ಮೊದಲು ತಡೆದುಕೊಳ್ಳುವಂತೆ ಇವಳಿಗೆ ಅನಿಸುತ್ತಿತ್ತು. ನಿದ್ದೆಗಣ್ಣಿನ ಭ್ರಮೆ ಇರಬೇಕು ಎಂದುಕೊಂಡಳು.

ಮಾತ್ರೆಯ ದಿನ ಬಂತು. ಡಬ್ಬಿಯನ್ನು ಅಕ್ಕನ ಮುಂದಿಡುವ ಧೈರ್ಯ ಅವಳಿಗೆ ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ಹಾಲು ಕಾಯಿಸುತ್ತಿದ್ದಳು, ಹಾಲು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ.

“ಲೇ, ಇಲ್ಲಿ ಬಾ” ಎಂದಳು ಅಕ್ಕ. ಗೋಡೆಗಲ್ಲ, ಇವಳಿಗೆ.

ಹೋದಳು.

“ಆ ಮಾತ್ರೆ ನನಗೆ ಒಳ್ಳೇದು ಮಾಡುತ್ತಾ? ನಿಜ ಹೇಳು.”

“ಗೊತ್ತಿಲ್ಲ ಅಕ್ಕ. ಬಹಳ ಜನಕ್ಕೆ ಮಾಡುತ್ತೆ. ನಿನಗೆ ಅಂತ ಬೇರೆ ಮಾಡಿ ಹೇಳೋಕೆ ಯಾರಿಗೂ ಬರಲ್ಲವಂತೆ.”

“ಹೂಂ.” ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಸಾಲಿನಲ್ಲಿ ನಿಂತ ಮಕ್ಕಳನ್ನು ನೋಡುತ್ತಿದ್ದ ಹಾಗೆ. “ಮಧ್ಯಾಹ್ನದ ಹೊತ್ತಲ್ಲಿ, ಕೈಯಲ್ಲಿ ಕೆಲಸ ಹಿಡ್ಕೊಂಡು, ಗೋಡೆಗೊರಗಿ ನಿದ್ದೆ ಹೋಗ್ತಾಳೆ ಅಂದ್ರೆ. ನನ್ನ ತಂಗಿ ಅಂಥವಳಲ್ಲ. ಅವತ್ತಿನಿಂದ ಅದನ್ನೇ ಯೋಚನೆ ಮಾಡ್ತಾ ಇದೀನಿ. ರಾತ್ರಿಯೆಲ್ಲ ನಾನು ನಿನ್ನನ್ನ ಎಬ್ಬಿಸ್ತೀನಿ, ಹಗಲು ನನ್ನ ಮೂಳೆ ಕಾಯಿ ಅಂತೀನಿ. ಒಣಗಿಸಿದ್ದು ನೀನಲ್ಲ ಬಿಡು.”

ತಂಗಿ ಹಾಸಿಗೆಯ ಕಾಲ್ದೆಸೆಯಲ್ಲಿ ಕೂತಳು.

“ಇನ್ನೊಂದು ಸೊಂಟ ಮುರಿದ್ರೆ ನನಗೇನು, ಮಲಗಿರ್ತೀನಿ. ಸಾಯೋದು ನೀನು. ತಾ ಆ ಮಾತ್ರೆನ.”

ತಂದಳು, ದೊಡ್ಡ ಲೋಟದಲ್ಲಿ ನೀರೂ ತಂದಳು. ಅಕ್ಕ ನುಂಗಿದಳು, ಲೋಟ ಬರಿದು ಮಾಡಿದಳು. ಆ ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ನೆಟ್ಟಗೆ ಕೂತಿರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಹೊಸ ಕೀಲು ನೋಯುತ್ತಿದ್ದರೂ ಅಕ್ಕ ಹಲ್ಲು ಕಚ್ಚಿ ಹಾಸಿಗೆಯ ಅಂಚಿಗೆ ಸರಿದು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ತಂಗಿ ಎಂದಿನಂತೆ ಬೆನ್ನಿಗೆ ಆಸರೆ ಕೊಡಲು ಪಕ್ಕಕ್ಕೆ ಬಂದಳು. ಅಕ್ಕ ಅವಳ ಕೈ ತಳ್ಳಿದಳು. ತನ್ನ ಹಿಂದೆ ಖಾಲಿಯಾದ ಹಾಸಿಗೆಯನ್ನು ತಟ್ಟಿ ತೋರಿಸಿದಳು.

“ನಾನು ಹೇಗೂ ಮಲಗೋ ಹಾಗಿಲ್ಲ. ನೀನು ಮಲ್ಕೋ. ನಾನು ಎಚ್ಚರ ಇರ್ತೀನಿ.”

“ಬಸ್ಸಿಗೆ ಹೊತ್ತಾಯ್ತು ಅಕ್ಕ.”

“ಮಲ್ಕೋ ಅಂದೆ.”

ಅಪ್ಪಣೆಯೇ. ಪಾಲಿಶಮ್ಮ ಚಪ್ಪಲಿ ಕಳಚಿ, ಅಕ್ಕನ ಮೈಬಿಸಿ ಇನ್ನೂ ಆರದ ಜಾಗದಲ್ಲಿ ಮಗ್ಗುಲಾದಳು. ಒಂದು ಸಲ ಕಣ್ಣು ತೆರೆದು ನೋಡಿದಾಗ ಅಕ್ಕನ ಬೆನ್ನು ನೋವಿಗೆ ಸಣ್ಣಗೆ ನಡುಗುತ್ತಿತ್ತು, ಆದರೂ ನೆಟ್ಟಗಿತ್ತು. ಎದ್ದು ಹಿಡಿದುಕೊಳ್ಳಬೇಕು ಎಂದುಕೊಳ್ಳುತ್ತಲೇ ಅವಳು ನಿದ್ದೆಹೋದಳು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಅಕ್ಕ ಅವಳನ್ನು ಎಬ್ಬಿಸಲಿಲ್ಲ, ತಾನೂ ಒರಗಲಿಲ್ಲ.